ಚನ್ನಗಿರಿಯ ಅಡಿಕೆ ತೋಟದಿಂದ ಕಂಡ ಭೂತಾನ್

2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಚಿಕ್ಕದೊಂದು ಅಧಿಸೂಚನೆ ಹೊರಡಿಸಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಕಡಿಮೆ ದರಕ್ಕೆ ಹೊರಗಿನಿಂದ ತರಿಸಬಾರದೆಂಬ ಮಿತಿಯ) ನಿರ್ಬಂಧವಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಸುಂಕದ ಠಾಣೆಯ ಮೂಲಕ ತರಿಸಿಕೊಳ್ಳಬಹುದು ಎಂಬುದು ಅದರ ಸಾರಾಂಶ. ಅಡಿಕೆಯನ್ನೇ ನಂಬಿ ಸಾಲ ಮಾಡುವ, ಮಕ್ಕಳನ್ನು ಓದಿಸುವ, ಮನೆ ಕಟ್ಟುವ ನಮ್ಮ ಚನ್ನಗಿರಿ ತಾಲ್ಲೂಕಿನಲ್ಲಿ ಈ ಸುದ್ದಿ ಎಷ್ಟು ಕಳವಳ ಹುಟ್ಟಿಸಿತೆಂದರೆ, ಅಲ್ಲಿಯವರೆಗೆ ಭೂತಾನ್ ಎಲ್ಲಿದೆ ಎಂದು ಕೇಳುವ ಪ್ರಸಂಗವೇ ಬಂದಿರದವರು ಕೂಡ ಕೊಯ್ಲಿನ ಕಾಲದಲ್ಲಿ ಅದರ ಹೆಸರನ್ನು ರೋಗದ ಹೆಸರಿನಂತೆ ಹೇಳತೊಡಗಿದರು. ನಮ್ಮ ದೊಡ್ಡಪ್ಪನವರಂತೂ, "ಭೂತಾನದ ಮಾಲು ಬಂದ್ರೆ ರಾಶಿ ರೇಟು ನಿಲ್ತದೇನಪ್ಪಾ?" ಎಂದು ಸಿಕ್ಕ ಓದಿದವರನ್ನೆಲ್ಲ ಕೇಳುತ್ತಿದ್ದರು. ರಾಶಿ ಎಂದರೆ ನಮ್ಮ ಕಡೆ ಬೇಯಿಸಿ ಒಣಗಿಸಿ ಮಾರುವ ಕೆಂಪಡಿಕೆ. ಅವರ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಓದಲು ಕುಳಿತ ನನಗೆ, ಅಡಿಕೆಯ ಲೆಕ್ಕಕ್ಕಿಂತ ಬಹಳ ದೊಡ್ಡದಾದ ಒಂದು ಸಂಬಂಧದ ಚರಿತ್ರೆ ಸಿಕ್ಕಿತು. ನಮ್ಮ ದೇಶವು ನೆರೆಹೊರೆಯವರೊಂದಿಗೆ ಕಟ್ಟಿಕೊಂಡ ಸಂಬಂಧಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಭೂತಾನದ ಜೊತೆಗಿನದು ಎಂಬುದು ನನ್ನ ನಂಬಿಕೆ; ಅದನ್ನು ಬೆಲೆ ಕುಸಿತದ ವದಂತಿಯಾಗಿ ಮಾತ್ರ ತಿಳಿದುಕೊಳ್ಳುವುದು ನಮಗೆ ತಕ್ಕದ್ದಲ್ಲ.

ಮೊದಲು ದೊಡ್ಡಪ್ಪನವರ ಪ್ರಶ್ನೆಯನ್ನೇ ತೆಗೆದುಕೊಳ್ಳುತ್ತೇನೆ. ಅಧಿಸೂಚನೆಯಲ್ಲಿರುವುದು ಸಿಪ್ಪೆ ಸಹಿತವಾದ ಹಸಿ ಅಡಿಕೆ. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ, ಒಣಗಿಸಿದಾಗ ಕ್ವಿಂಟಲಿಗೆ ಹನ್ನೆರಡು ಹದಿಮೂರು ಕಿಲೋ ಸರಕು ಕೈಗೆ ಬರುತ್ತದೆ ಎಂಬುದು ನಮ್ಮ ಕಡೆಯ ಖೇಣಿದಾರರೆಲ್ಲರೂ (ತೋಟದ ಫಸಲನ್ನು ಗುತ್ತಿಗೆಗೆ ಕೊಳ್ಳುವವರು) ಬಾಯಲ್ಲೇ ಹೇಳುವ ಲೆಕ್ಕ. ಆ ಲೆಕ್ಕದಲ್ಲಿ 17,000 ಟನ್ ಹಸಿ ಅಡಿಕೆ ಎಂದರೆ ಸುಮಾರು 2,000 ಟನ್ ಒಣ ಅಡಿಕೆ. ಭಾರತದ ಒಟ್ಟು ಉತ್ಪಾದನೆ ವರ್ಷಕ್ಕೆ ಹತ್ತು ಲಕ್ಷ ಟನ್ನನ್ನು ದಾಟುತ್ತದೆ, ಅದರಲ್ಲಿ ದೊಡ್ಡ ಪಾಲು ಕರ್ನಾಟಕದ್ದೇ. ನೂರು ಚೀಲದ ರಾಶಿಗೆ ಹೊರಗಿನಿಂದ ಒಂದು ಬೊಗಸೆ ಬಿದ್ದರೆ ರಾಶಿಯ ಬೆಲೆ ಇಳಿಯುವುದಿಲ್ಲ. ಬೆಲೆಯನ್ನು ನಿಜವಾಗಿ ಅಲುಗಾಡಿಸುವುದು ಮ್ಯಾನ್ಮಾರ್ ಗಡಿಯಿಂದ ನುಸುಳುವ ಮಾಲು, ಇಂಡೊನೇಷ್ಯಾದಲ್ಲಿ ಬೆಳೆದು ಬೇರೊಂದು ದೇಶದ ಮೂಲ ಪ್ರಮಾಣಪತ್ರ ಹೊತ್ತು ಬರುವ ಮಾಲು, ಮತ್ತು ಉತ್ತರ ಭಾರತದ ಪಾನ್ ಮಸಾಲಾ ಕಾರ್ಖಾನೆಗಳ ಖರೀದಿಯ ಏರಿಳಿತ. 2023ರ ಫೆಬ್ರವರಿಯಲ್ಲಿ ಕೇಂದ್ರವು ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದ್ದು ಈ ಕಾರಣಕ್ಕೇ. ಆದರೆ ಆಮದು ಬೆಲೆ ಎಂಬುದು ಕಾಗದದ ಮೇಲೆ ಬರೆದು ತೋರಿಸುವವರನ್ನು ಮಾತ್ರ ತಡೆಯುತ್ತದೆ, ರಾತ್ರಿ ಕಾಡುಹಾದಿಯಲ್ಲಿ ಬರುವ ಲಾರಿಯನ್ನು ತಡೆಯುವುದಿಲ್ಲ.

ಹಾಗೆಂದು ನಮ್ಮ ರೈತರ ಆತಂಕಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಸುಂಕವಿಲ್ಲದೆ ಬರಲು ಒಂದು ದೇಶಕ್ಕೆ ಬಾಗಿಲು ತೆರೆದರೆ, ಆ ಬಾಗಿಲಿನಲ್ಲಿ ಬೇರೆಯವರೂ ನುಗ್ಗಲು ನೋಡುವುದು ವ್ಯಾಪಾರದಲ್ಲಿ ಸಹಜ. ಆದರೆ ಹಸಿ ಅಡಿಕೆಯನ್ನೂ ಒಣ ಅಡಿಕೆಯನ್ನೂ ಗುರುತಿಸಲು ಪ್ರಯೋಗಾಲಯ ಬೇಕಾಗಿಲ್ಲ, ಕಣ್ಣು ಸಾಕು. ಠಾಣೆಯಲ್ಲಿ ಕುಳಿತವರು ಹಸಿರು ಸಿಪ್ಪೆಯ ಮಾಲನ್ನು ಮಾತ್ರ ಬಿಟ್ಟರೆ, ಪ್ರತಿ ವರ್ಷ ಎಷ್ಟು ಟನ್ ಬಂತೆಂದು ತಿಂಗಳುವಾರು ಪ್ರಕಟಿಸಿದರೆ, ಭೂತಾನದ ಯಾವ ಜಿಲ್ಲೆಯ ತೋಟದಿಂದ ಬಂತೆಂಬ ದಾಖಲೆಯನ್ನು ಕೇಳಿದರೆ, ಈ ಹಾದಿ ದುರುಪಯೋಗವಾಗುವ ಸಂಭವ ಬಹಳ ಕಡಿಮೆಯಾಗುತ್ತದೆ. ನಮ್ಮ ಬೆಳೆಗಾರರ ಸಂಘಗಳು ಕೇಳಬೇಕಾದದ್ದು ಇದನ್ನು. "ಭೂತಾನದ ಅಡಿಕೆ ನಿಷೇಧಿಸಿ" ಎಂಬ ಬ್ಯಾನರು ಹಿಡಿದರೆ ಫೋಟೋ ಬರುತ್ತದೆ. ಕಳ್ಳಮಾಲು ತರುವವನಿಗೆ ಅದರಿಂದ ಎಳ್ಳಷ್ಟೂ ತೊಂದರೆಯಾಗುವುದಿಲ್ಲ, ತೊಂದರೆಯಾಗುವುದು ಭೂತಾನದ ಸಾಮ್ಚಿ ಜಿಲ್ಲೆಯಲ್ಲೋ ಸಾರ್ಪಾಂಗ್ ಜಿಲ್ಲೆಯಲ್ಲೋ ಅರ್ಧ ಎಕರೆ ತೋಟವಿಟ್ಟುಕೊಂಡಿರುವ, ನಮ್ಮಂತೆಯೇ ಮಳೆಯನ್ನೂ ಕೊಳೆರೋಗವನ್ನೂ ನೋಡುತ್ತ ಕುಳಿತ ಇನ್ನೊಬ್ಬ ರೈತನಿಗೆ.

ಇನ್ನು ಭೂತಾನಕ್ಕೇ ಏಕೆ ಈ ರಿಯಾಯಿತಿ ಎಂಬ ಪ್ರಶ್ನೆ. ಭೂತಾನದ ವಿಸ್ತೀರ್ಣ ಸುಮಾರು 38,400 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೇ ಒಂದು ಭಾಗ. ಜನಸಂಖ್ಯೆ ಎಂಟು ಲಕ್ಷದೊಳಗೆ, ನಮ್ಮ ದಾವಣಗೆರೆ ಜಿಲ್ಲೆಯೊಂದರ ಹೆಚ್ಚುಕಡಿಮೆ ಅರ್ಧ. ಉತ್ತರಕ್ಕೆ ಟಿಬೆಟ್, ಅಂದರೆ ಈಗಿನ ಚೀನಾ. ಉಳಿದ ಮೂರು ದಿಕ್ಕಿಗೂ ಭಾರತ. ಇಷ್ಟು ಚಿಕ್ಕ ದೇಶವೊಂದು ಇಷ್ಟು ದೊಡ್ಡ ಎರಡು ದೇಶಗಳ ನಡುವೆ ತನ್ನ ಅರಸೊತ್ತಿಗೆ, ತನ್ನ ಧರ್ಮ, ತನ್ನ ಉಡುಪು, ತನ್ನ ಕಾಡು ಎಲ್ಲವನ್ನೂ ಉಳಿಸಿಕೊಂಡು ಬಂದಿರುವುದು ಸಾಮಾನ್ಯ ಸಂಗತಿಯಲ್ಲ, ಮತ್ತು ಅದರಲ್ಲಿ ಭಾರತದ ಪಾಲು ಇದೆ.

ಸಂಬಂಧದ ಆರಂಭ ಮಾತ್ರ ಸ್ನೇಹದ್ದಾಗಿರಲಿಲ್ಲ. ಭೂತಾನದ ಬೆಟ್ಟಗಳು ಇಳಿದು ಬಯಲಾಗುವ ಕಡೆ ದುವಾರ್‌ಗಳೆಂಬ ಫಲವತ್ತಾದ ಪಟ್ಟಿಯೊಂದಿದೆ. 1864-65ರ ಯುದ್ಧದಲ್ಲಿ ಬ್ರಿಟಿಷರು ಅದನ್ನು ಕಿತ್ತುಕೊಂಡು, ಸಿಂಚುಲಾ ಒಪ್ಪಂದದ ಮೂಲಕ ವರ್ಷಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರ ಕೊಡುವುದೆಂದು ಬರೆದರು. 1910ರ ಪುನಾಖಾ ಒಪ್ಪಂದದಲ್ಲಿ ಅದು ಒಂದು ಲಕ್ಷವಾಯಿತು, ಅದರ ಜೊತೆಗೆ ವಿದೇಶ ವ್ಯವಹಾರದಲ್ಲಿ ಬ್ರಿಟಿಷರ ಸಲಹೆಯಂತೆ ನಡೆಯಬೇಕೆಂಬ ಷರತ್ತೂ ಸೇರಿತು. ಸ್ವತಂತ್ರ ಭಾರತವು 1949ರ ಆಗಸ್ಟ್ 8ರಂದು ಡಾರ್ಜಿಲಿಂಗ್‌ನಲ್ಲಿ ಮಾಡಿಕೊಂಡ ಸ್ನೇಹ ಒಪ್ಪಂದದಲ್ಲಿ ಪರಿಹಾರವನ್ನು ಐದು ಲಕ್ಷಕ್ಕೆ ಏರಿಸಿತು, ದೇವಾನ್‌ಗಿರಿ ಎಂಬ ಪ್ರದೇಶದ 32 ಚದರ ಮೈಲಿಯನ್ನು ಮರಳಿಸಿತು, ಆಂತರಿಕ ಆಡಳಿತದಲ್ಲಿ ಕೈಹಾಕುವುದಿಲ್ಲವೆಂದು ಮಾತು ಕೊಟ್ಟಿತು. ಆದರೆ ಸಲಹೆಯ ಷರತ್ತನ್ನು ಎರಡನೇ ವಿಧಿಯಾಗಿ ಹಾಗೆಯೇ ಉಳಿಸಿಕೊಂಡಿತು. ಈ ಎರಡನೇ ವಿಧಿ ಐವತ್ತೆಂಟು ವರ್ಷ ಎರಡೂ ದೇಶಗಳ ನಡುವೆ ಮುಳ್ಳಿನಂತೆ ಇತ್ತು ಎಂದರೆ ತಪ್ಪಾಗಲಾರದು.

1958ರಲ್ಲಿ ಜವಾಹರಲಾಲ್ ನೆಹರೂ ಭೂತಾನಕ್ಕೆ ಹೋದಾಗ ಭಾರತದಿಂದ ಅಲ್ಲಿಗೆ ವಾಹನ ಹೋಗುವ ರಸ್ತೆಯೇ ಇರಲಿಲ್ಲ. ಮಗಳು ಇಂದಿರಾ ಜೊತೆಗೆ ಸಿಕ್ಕಿಮಿನ ನಾಥೂ ಲಾ ಕಣಿವೆ ದಾಟಿ, ಟಿಬೆಟ್‌ನ ಚುಂಬಿ ಕಣಿವೆಗೆ ಇಳಿದು, ಅಲ್ಲಿಂದ ಬೆಟ್ಟ ಹತ್ತಿ ಪಾರೋ ತಲುಪಿದರು. ಅರವತ್ತೆಂಟರ ವಯಸ್ಸಿನ ಪ್ರಧಾನಿಯೊಬ್ಬರು ಇಂಥ ದಾರಿಯಲ್ಲಿ ದಿನಗಟ್ಟಲೆ ಸಾಗಿ ಒಂದು ಪುಟ್ಟ ರಾಜ್ಯದ ದೊರೆಯನ್ನು ಕಾಣಲು ಹೋದದ್ದನ್ನು ನೆನೆದರೆ ನನಗೆ ಇಂದಿಗೂ ಗೌರವ ಮೂಡುತ್ತದೆ. ಪಾರೋದಲ್ಲಿ ಅವರು ಭೂತಾನ್ ಸ್ವತಂತ್ರ ದೇಶವಾಗಿಯೇ ಉಳಿಯಬೇಕು, ತನ್ನ ಬದುಕಿನ ದಾರಿಯನ್ನು ತಾನೇ ಆರಿಸಿಕೊಳ್ಳಬೇಕು ಎಂಬ ಅರ್ಥದ ಮಾತುಗಳನ್ನು ಸಾರ್ವಜನಿಕವಾಗಿಯೇ ಆಡಿದರು. ಮರುವರ್ಷವೇ ಟಿಬೆಟ್‌ನಲ್ಲಿ ದಂಗೆಯಾಗಿ, ದಲೈ ಲಾಮಾ ಭಾರತಕ್ಕೆ ಬಂದರು. ಶತಮಾನಗಳಿಂದ ಉಪ್ಪು, ಉಣ್ಣೆ, ಧರ್ಮ ಎಲ್ಲಕ್ಕೂ ಉತ್ತರದ ಕಡೆ ನೋಡುತ್ತಿದ್ದ ಭೂತಾನ್ ಆ ಗಡಿಯನ್ನು ಮುಚ್ಚಿ ದಕ್ಷಿಣಕ್ಕೆ ಮುಖ ಮಾಡಿತು. ಆಗಿನ ದೊರೆ ಜಿಗ್ಮೆ ದೋರ್ಜಿ ವಾಂಗ್‌ಚುಕ್ ತೆಗೆದುಕೊಂಡ ಈ ತೀರ್ಮಾನದ ಮೇಲೆಯೇ ಮುಂದಿನದೆಲ್ಲವೂ ನಿಂತಿದೆ.

1961ರಲ್ಲಿ ಭೂತಾನದ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಮೊದಲ ಎರಡು ಯೋಜನೆಗಳ ಪೂರ್ತಿ ಖರ್ಚನ್ನು ಭಾರತವೇ ಹೊತ್ತಿತು. ಅದೇ ವರ್ಷ ನಮ್ಮ ಗಡಿ ರಸ್ತೆಗಳ ಸಂಸ್ಥೆಯ ದಂತಕ್ ಯೋಜನೆ ಗಡಿಯ ಊರಾದ ಫುಂತ್ಶೋಲಿಂಗ್‌ನಿಂದ ರಾಜಧಾನಿ ಥಿಂಪುವಿಗೆ ರಸ್ತೆ ಕಡಿಯತೊಡಗಿತು. ಪಾರೋ ವಿಮಾನ ನಿಲ್ದಾಣವನ್ನು ಮೊದಲು ಕಟ್ಟಿದ್ದೂ ಅವರೇ. ಆ ಕಡಿದಾದ ಬೆಟ್ಟಗಳಲ್ಲಿ ಭೂಕುಸಿತಕ್ಕೂ ಚಳಿಗೂ ಸಿಕ್ಕಿ ಸತ್ತ ಭಾರತೀಯ ಯೋಧರು ಮತ್ತು ಕೂಲಿಕಾರರು ನೂರಾರು ಮಂದಿ. ಭೂತಾನ್ 1971ರಲ್ಲಿ ವಿಶ್ವಸಂಸ್ಥೆ ಸೇರಲು ಬೆನ್ನಿಗೆ ನಿಂತದ್ದೂ ಭಾರತ. ಈಗ 2024ರಿಂದ 2029ರವರೆಗಿನ ಹದಿಮೂರನೇ ಯೋಜನೆಗೆ ಭಾರತ ಒಪ್ಪಿರುವ ನೆರವು 10,000 ಕೋಟಿ ರೂಪಾಯಿ.

ಆದರೆ ನೆರವಿಗಿಂತ ನನಗೆ ಹೆಚ್ಚು ಮುಖ್ಯವೆನಿಸಿದ್ದು ವಿದ್ಯುತ್ತು. ದಾನ ತೆಗೆದುಕೊಳ್ಳುತ್ತಿದ್ದ ದೇಶವನ್ನು ವ್ಯಾಪಾರ ಮಾಡುವ ದೇಶವನ್ನಾಗಿ ಬದಲಿಸಿದ್ದು ಅದು. 1974ರಲ್ಲಿ ಒಪ್ಪಂದವಾದ ಚುಖಾ ಯೋಜನೆಗೆ ಬೇಕಾದ ಹಣದಲ್ಲಿ ಶೇಕಡ 60ರಷ್ಟನ್ನು ಭಾರತ ಅನುದಾನವಾಗಿಯೂ 40ರಷ್ಟನ್ನು ಸಾಲವಾಗಿಯೂ ಕೊಟ್ಟಿತು. 336 ಮೆಗಾವಾಟ್‌ನ ಆ ಸ್ಥಾವರ 1986ರಿಂದ 1988ರೊಳಗೆ ಓಡತೊಡಗಿದಾಗ, ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಭೂತಾನ್ ಭಾರತಕ್ಕೇ ಮಾರಿತು. ಕಟ್ಟಲು ಹಣ ಕೊಟ್ಟವರೇ ಕೊಳ್ಳುವವರೂ ಆದ ಕಾರಣ ಮಾರುಕಟ್ಟೆ ಹುಡುಕುವ ಕಷ್ಟ ಇರಲಿಲ್ಲ. ಬಂದ ರೂಪಾಯಿಯಿಂದ ಸಾಲವೂ ತೀರಿತು, ಶಾಲೆ ಆಸ್ಪತ್ರೆಗಳೂ ಎದ್ದವು. 2006-07ರಲ್ಲಿ 1,020 ಮೆಗಾವಾಟ್‌ನ ತಾಲಾ ಸ್ಥಾವರವೂ ಇದೇ ಕ್ರಮದಲ್ಲಿ ಬಂತು. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್ ಎಂಬುದನ್ನು ನೆನಪಿಟ್ಟುಕೊಂಡರೆ ಆ ಚಿಕ್ಕ ದೇಶದಲ್ಲಿ ಎಷ್ಟು ದೊಡ್ಡ ಕೆಲಸ ನಡೆಯಿತೆಂಬುದು ತಿಳಿಯುತ್ತದೆ.

ಶರಾವತಿಗೂ ಭೂತಾನದ ಸ್ಥಾವರಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಲಿಂಗನಮಕ್ಕಿಯಲ್ಲಿ ನೀರನ್ನು ಕೂಡಿಟ್ಟು ಬೇಕಾದಾಗ ಬಿಡಬಹುದು; ಭದ್ರೆಯಲ್ಲಿ ಕೂಡಿಟ್ಟ ನೀರಿನಿಂದಲೇ ನಮ್ಮ ನಾಲೆಗಳು ಬೇಸಿಗೆಯಲ್ಲೂ ಹರಿಯುತ್ತವೆ. ಭೂತಾನದ ಸ್ಥಾವರಗಳು ಹೆಚ್ಚಾಗಿ ಹರಿಯುವ ಹೊಳೆಯನ್ನು ಸುರಂಗಕ್ಕೆ ತಿರುಗಿಸಿ, ಕೆಳಗೆ ಯಂತ್ರಕ್ಕೆ ಬೀಳಿಸಿ, ಮತ್ತೆ ಹೊಳೆಗೇ ಬಿಡುವಂಥವು. ಊರು, ಕಾಡು ಮುಳುಗುವುದು ಇದರಿಂದ ಕಡಿಮೆ. ಆದರೆ ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಮಾರುವಷ್ಟು ವಿದ್ಯುತ್ತು, ಚಳಿಗಾಲದಲ್ಲಿ ಹೊಳೆ ಬತ್ತಿದಾಗ ತನಗೇ ಸಾಲದಷ್ಟು ಕೊರತೆ. ಆ ತಿಂಗಳುಗಳಲ್ಲಿ ಭೂತಾನ್ ಭಾರತದಿಂದಲೇ ವಿದ್ಯುತ್ ಕೊಳ್ಳುತ್ತದೆ.

ತಾಲಾದ ನಂತರ ಲೆಕ್ಕ ಬದಲಾಯಿತು, ಮತ್ತು ಇಲ್ಲಿ ನಮ್ಮ ದೇಶದ ನಡೆಯನ್ನು ನಾನು ಪೂರ್ತಿಯಾಗಿ ಸಮರ್ಥಿಸಲಾರೆ. 2019ರಲ್ಲಿ ಉದ್ಘಾಟನೆಯಾದ 720 ಮೆಗಾವಾಟ್‌ನ ಮಾಂಗ್ದೆಛು ಯೋಜನೆಯಲ್ಲಿ ಅನುದಾನ ಶೇಕಡ 30ಕ್ಕೆ ಇಳಿದು ಸಾಲ 70ಕ್ಕೆ ಏರಿತ್ತು, ಬಡ್ಡಿಯ ದರವೂ ಏರಿತ್ತು. 2020ರೊಳಗೆ 10,000 ಮೆಗಾವಾಟ್ ಸಾಧಿಸುವುದೆಂದು ಎರಡೂ ಸರ್ಕಾರಗಳು ಗುರಿ ಹಾಕಿಕೊಂಡಿದ್ದವು. ಆ ವರ್ಷ ಬಂದಾಗ ಗುರಿಯ ಕಾಲು ಭಾಗದಷ್ಟೂ ಆಗಿರಲಿಲ್ಲ. 1,200 ಮೆಗಾವಾಟ್‌ನ ಒಂದನೇ ಪುನಾತ್ಸಾಂಗ್‌ಛು ಯೋಜನೆಯ ಅಣೆಕಟ್ಟಿನ ಬಲದಂಡೆಯ ಬೆಟ್ಟ 2013ರಲ್ಲಿ ಜಾರತೊಡಗಿ, ಕೆಲಸ ವರ್ಷಾನುಗಟ್ಟಲೆ ತಡವಾಯಿತು, ವೆಚ್ಚ ಮೂಲ ಅಂದಾಜಿನ ಎರಡು ಪಟ್ಟನ್ನು ಮೀರಿತು. ಸ್ಥಾವರ ಓಡದಿದ್ದರೂ ಬಡ್ಡಿ ಓಡುತ್ತಲೇ ಇರುತ್ತದೆ. ಭೂತಾನದ ಹೊರಸಾಲ ಅದರ ವಾರ್ಷಿಕ ಆಂತರಿಕ ಉತ್ಪನ್ನವನ್ನು ಮೀರಲು ಮುಖ್ಯ ಕಾರಣ ಈ ಜಲವಿದ್ಯುತ್ ಸಾಲಗಳೇ. ಬೋರ್‌ವೆಲ್ ತೆಗೆಸಲು ಸಾಲ ಮಾಡಿ ನೀರು ಬಾರದೆ ಕಂತು ಕಟ್ಟುವ ಕಷ್ಟವನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1,020 ಮೆಗಾವಾಟ್‌ನ ಎರಡನೇ ಪುನಾತ್ಸಾಂಗ್‌ಛು ಕೊನೆಗೂ ಪೂರ್ಣವಾಗಿ 2025ರ ನವೆಂಬರ್‌ನಲ್ಲಿ ಉದ್ಘಾಟನೆಯಾದದ್ದು ಸ್ವಲ್ಪ ಸಮಾಧಾನ.

ಹಣದ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಬೇಕು. ಭೂತಾನದ ನಾಣ್ಯ ಗುಲ್ಟ್ರಮ್ 1974ರಲ್ಲಿ ಬಂದಾಗಿನಿಂದ ಭಾರತದ ರೂಪಾಯಿಗೆ ಸಮ. ಒಂದು ಗುಲ್ಟ್ರಮ್ ಕೊಟ್ಟರೆ ಒಂದು ರೂಪಾಯಿ. ನಮ್ಮ ನೋಟುಗಳು ಅಲ್ಲಿನ ಅಂಗಡಿಗಳಲ್ಲೂ ನಡೆಯುತ್ತವೆ. ಹೀಗಾಗಿ ನಮ್ಮ ರಿಸರ್ವ್ ಬ್ಯಾಂಕ್ ತೆಗೆದುಕೊಳ್ಳುವ ತೀರ್ಮಾನಗಳು, ನಮ್ಮಲ್ಲಿ ಏರುವ ಬೆಲೆಗಳು, ಅವರ ಒಪ್ಪಿಗೆಯಿಲ್ಲದೆಯೇ ಅವರ ಮನೆಯೊಳಗೆ ಹೋಗುತ್ತವೆ. ಅಕ್ಕಿ, ಪೆಟ್ರೋಲು, ಸಿಮೆಂಟು, ವಾಹನ ಎಲ್ಲವನ್ನೂ ಭಾರತದಿಂದ ಕೊಳ್ಳುವ ಭೂತಾನಕ್ಕೆ 2012ರಲ್ಲಿ ರೂಪಾಯಿಯ ತೀವ್ರ ಅಭಾವ ಉಂಟಾಗಿ, ಅಲ್ಲಿನ ಕೇಂದ್ರೀಯ ಬ್ಯಾಂಕು ರೂಪಾಯಿ ವಿತರಣೆಗೆ ಕಡಿವಾಣ ಹಾಕಬೇಕಾಯಿತು. 2016ರ ನೋಟು ರದ್ದತಿಯಲ್ಲಿ ಅಲ್ಲಿಯ ಸಾಮಾನ್ಯ ಜನರ ಕೈಯಲ್ಲಿದ್ದ ನಮ್ಮ ಐನೂರು, ಸಾವಿರದ ನೋಟುಗಳ ಗತಿ ಏನೆಂಬ ಪ್ರಶ್ನೆಯೂ ಎದ್ದಿತು. ಭೂತಾನದ ರೈತ ತನ್ನ ಅಡಿಕೆ, ಆಲೂಗೆಡ್ಡೆ, ಕಿತ್ತಳೆ, ಏಲಕ್ಕಿ ಮಾರಿ ಗಳಿಸುವ ಒಂದೊಂದು ರೂಪಾಯಿಯೂ ಆ ದೇಶಕ್ಕೆ ಭಾರತದಿಂದ ಮತ್ತೇನನ್ನಾದರೂ ಕೊಳ್ಳುವ ಶಕ್ತಿಯಾಗುತ್ತದೆ, ಅಂದರೆ ಅದು ಬಹುಮಟ್ಟಿಗೆ ನಮ್ಮಲ್ಲಿಗೇ ಮರಳುತ್ತದೆ. 1972ರ ವ್ಯಾಪಾರ ಒಪ್ಪಂದದಿಂದ ಇಲ್ಲಿಯವರೆಗೆ ಎರಡೂ ದೇಶಗಳ ನಡುವೆ ಸುಂಕವಿಲ್ಲದ ವ್ಯಾಪಾರ ಉಳಿದುಕೊಂಡು ಬಂದಿರುವುದರ ತರ್ಕ ಇದು.

ರಕ್ಷಣೆಯ ವಿಚಾರದಲ್ಲಿ ಭೂತಾನ್ ನಮಗೆ ಕೊಟ್ಟದ್ದು ನಾವು ಅದಕ್ಕೆ ಕೊಟ್ಟದ್ದಕ್ಕಿಂತ ಕಡಿಮೆಯಲ್ಲ ಎಂದೇ ನಾನು ತಿಳಿಯುತ್ತೇನೆ. ಅಸ್ಸಾಂ ಮತ್ತು ಉತ್ತರ ಬಂಗಾಳದ ಉಗ್ರರ ಗುಂಪುಗಳು ದಕ್ಷಿಣ ಭೂತಾನದ ಕಾಡುಗಳಲ್ಲಿ ಶಿಬಿರ ಹೂಡಿದ್ದವು. ವರ್ಷಗಟ್ಟಲೆ ಮಾತುಕತೆ ಫಲಿಸದಿದ್ದಾಗ, 2003ರ ಡಿಸೆಂಬರ್‌ನಲ್ಲಿ ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ತಾವೇ ಮುಂದೆ ನಿಂತು ತಮ್ಮ ಪುಟ್ಟ ಸೈನ್ಯದಿಂದ ಆ ಶಿಬಿರಗಳನ್ನು ಕಿತ್ತೆಸೆದರು. ಶತಮಾನಕ್ಕೂ ಹೆಚ್ಚು ಕಾಲ ಯುದ್ಧ ಕಂಡಿರದ ದೇಶವೊಂದು ನೆರೆಯವರ ಸುರಕ್ಷತೆಗಾಗಿ ಶಸ್ತ್ರ ಹಿಡಿದ ಉದಾಹರಣೆ ಏಷ್ಯಾದಲ್ಲಿ ಹೆಚ್ಚಿಲ್ಲ. 2017ರಲ್ಲಿ, ಭೂತಾನ್ ಮತ್ತು ಚೀನಾ ಎರಡೂ ತಮ್ಮದೆನ್ನುವ ಡೋಕ್ಲಾಂ ಪ್ರಸ್ಥಭೂಮಿಯಲ್ಲಿ ಚೀನಾ ಸೈನ್ಯ ರಸ್ತೆ ಮಾಡಲು ಬಂದಾಗ ಭಾರತದ ಸೈನಿಕರು ಅಡ್ಡ ನಿಂತು, ಜೂನ್ ನಡುವಿನಿಂದ ಆಗಸ್ಟ್ 28ರವರೆಗೆ ಎರಡೂ ಸೈನ್ಯಗಳು ಮುಖಾಮುಖಿಯಾಗಿದ್ದವು. ಉತ್ತರದ ಕಣಿವೆಗಳ ಮೇಲಿನ ಹಕ್ಕನ್ನು ತಾನು ಬಿಡುತ್ತೇನೆ, ಅದಕ್ಕೆ ಬದಲಾಗಿ ಪಶ್ಚಿಮದಲ್ಲಿ ಡೋಕ್ಲಾಂ ಕಡೆಯ ಜಾಗ ಕೊಡಿ ಎಂದು ಚೀನಾ ಭೂತಾನದ ಮುಂದೆ ಬಹಳ ಹಿಂದೆಯೇ ಇಟ್ಟ ಪ್ರಸ್ತಾಪವನ್ನು ಭೂತಾನ್ ಒಪ್ಪಿದ್ದರೆ, ಈಶಾನ್ಯ ರಾಜ್ಯಗಳನ್ನು ನಮ್ಮೊಂದಿಗೆ ಜೋಡಿಸುವ ಸಿಲಿಗುರಿಯ ಕಿರಿದಾದ ಪಟ್ಟಿಯ ನೆತ್ತಿಯ ಮೇಲೆ ಇಂದು ಚೀನಾ ಇರುತ್ತಿತ್ತು. ತನಗೆ ಲಾಭದಂತೆ ಕಾಣುವ ಆ ವಿನಿಮಯಕ್ಕೆ ಭೂತಾನ್ ಇದುವರೆಗೆ ಕೈಹಾಕಿಲ್ಲ.

ಇಷ್ಟೆಲ್ಲ ಇದ್ದೂ 2013ರ ಜುಲೈನಲ್ಲಿ ನಡೆದದ್ದು ನನಗೆ ಇಂದಿಗೂ ಬೇಸರ ತರಿಸುತ್ತದೆ. ಭೂತಾನದ ಎರಡನೇ ಸಾರ್ವತ್ರಿಕ ಚುನಾವಣೆಗೆ ಎರಡು ವಾರವೂ ಇಲ್ಲದಿರುವಾಗ, ಅಲ್ಲಿಗೆ ಹೋಗುವ ಅಡುಗೆ ಅನಿಲ ಮತ್ತು ಸೀಮೆಎಣ್ಣೆಯ ಸಬ್ಸಿಡಿಯನ್ನು ಭಾರತ ನಿಲ್ಲಿಸಿತು. ಯೋಜನಾ ಅವಧಿ ಮುಗಿದುದರಿಂದ ಹೀಗಾಯಿತೆಂಬುದು ಕೊಟ್ಟ ಕಾರಣ. ಹಿಂದಿನ ವರ್ಷ ಆಗಿನ ಪ್ರಧಾನಿ ಜಿಗ್ಮಿ ಥಿನ್ಲೇ ಅವರು ರಿಯೋದಲ್ಲಿ ಚೀನಾದ ಪ್ರಧಾನಿಯನ್ನು ಭೇಟಿಯಾದದ್ದಕ್ಕೆ ಇದು ಶಿಕ್ಷೆ ಎಂದು ಭೂತಾನದಲ್ಲಿ ಬಹಳ ಜನ ತಿಳಿದರು. ಅವರ ಪಕ್ಷ ಸೋತಿತು, ಆಮೇಲೆ ಸಬ್ಸಿಡಿ ಮರಳಿತು. ಕಾರಣ ಏನೇ ಇರಲಿ, ಚಳಿಯ ದೇಶದ ಅಡುಗೆಮನೆಯ ಒಲೆಯನ್ನು ಚುನಾವಣೆಯ ಹೊತ್ತಿನಲ್ಲಿ ಮುಟ್ಟಬಾರದಿತ್ತು.

ಏಕೆಂದರೆ ಅದಕ್ಕೆ ಆರು ವರ್ಷ ಮೊದಲೇ, 2007ರ ಫೆಬ್ರವರಿ 8ರಂದು, ಎರಡೂ ದೇಶಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಿ ಹಳೆಯ ಎರಡನೇ ವಿಧಿಯನ್ನು ತೆಗೆದುಹಾಕಿದ್ದವು. ರಾಷ್ಟ್ರೀಯ ಹಿತಾಸಕ್ತಿಯ ವಿಷಯಗಳಲ್ಲಿ ಪರಸ್ಪರ ಸಹಕರಿಸುವುದು, ತಮ್ಮ ನೆಲವನ್ನು ಇನ್ನೊಬ್ಬರ ವಿರುದ್ಧ ಬಳಸಲು ಬಿಡದಿರುವುದು ಎಂಬ ಸಮಾನರ ನಡುವಿನ ಮಾತು ಅದರ ಜಾಗಕ್ಕೆ ಬಂತು. ನಿಜ ಹೇಳಬೇಕೆಂದರೆ ಭೂತಾನ್ ಅದಕ್ಕೂ ಮೊದಲೇ ತನ್ನ ಬುದ್ಧಿಯಿಂದ ನಡೆದ ದೇಶ. 1971ರ ಡಿಸೆಂಬರ್ 6ರಂದು ಬಾಂಗ್ಲಾದೇಶಕ್ಕೆ ಭಾರತ ಮಾನ್ಯತೆ ಕೊಡುವುದಕ್ಕೆ ಕೆಲವು ಗಂಟೆ ಮೊದಲೇ ಮಾನ್ಯತೆ ಕೊಟ್ಟಿತ್ತು. 1979ರ ಹವಾನಾ ಅಲಿಪ್ತ ಶೃಂಗಸಭೆಯಲ್ಲಿ ಕಾಂಬೋಡಿಯಾದ ವಿಷಯದಲ್ಲಿ ಭಾರತಕ್ಕಿಂತ ಭಿನ್ನ ನಿಲುವು ತಾಳಿತ್ತು. ಕೋವಿಡ್ ಲಸಿಕೆಯ ವಿಷಯದಲ್ಲೂ ಹಾಗೆಯೇ. 2021ರ ಜನವರಿಯಲ್ಲಿ ಭಾರತ ಹೊರದೇಶಗಳಿಗೆ ಕಳಿಸಿದ ಮೊದಲ ಲಸಿಕೆಗಳಲ್ಲಿ ಒಂದೂವರೆ ಲಕ್ಷ ಡೋಸ್ ಭೂತಾನಕ್ಕೆ ಹೋದವು. ನಮ್ಮಲ್ಲಿ ಎರಡನೇ ಅಲೆ ಬಂದು ರಫ್ತು ನಿಂತಾಗ ಭೂತಾನ್ ದೂರು ಹೇಳುತ್ತ ಕೂರದೆ ಬೇರೆ ದೇಶಗಳಿಂದ ಎರಡನೇ ಡೋಸ್ ಹೊಂದಿಸಿಕೊಂಡಿತು.

ಅಡಿಕೆ ಬೆಳೆಯುವ ದಕ್ಷಿಣ ಭೂತಾನದ ಬಗ್ಗೆ ಬರೆಯುವಾಗ ಬಿಟ್ಟುಬಿಡಲಾಗದ ನೋವಿನ ಸಂಗತಿಯೊಂದಿದೆ. ಆ ತಪ್ಪಲಿನಲ್ಲಿ ಅಡಿಕೆ, ಕಿತ್ತಳೆ, ಏಲಕ್ಕಿ ತೋಟಗಳನ್ನು ಮಾಡಿಕೊಂಡಿದ್ದವರಲ್ಲಿ ಬಹಳ ಜನ ನೇಪಾಳಿ ಮಾತನಾಡುವ ಲೋತ್ಶಾಂಪರು. 1980ರ ದಶಕದ ಪೌರತ್ವ ಕಾನೂನು, ಜನಗಣತಿ, ಒಂದೇ ಉಡುಪು ಒಂದೇ ನುಡಿಯ ನೀತಿ, ಅದರ ವಿರುದ್ಧದ ಚಳವಳಿ, ಅದರ ದಮನ, ಇವೆಲ್ಲದರ ಕೊನೆಗೆ 1990ರ ಆಚೀಚೆ ಶುರುವಾಗಿ ಒಂದು ಲಕ್ಷಕ್ಕೂ ಹೆಚ್ಚು ಜನ ತೋಟ ಮನೆ ಬಿಟ್ಟು ಹೊರಟರು. ಭೂತಾನಕ್ಕೂ ನೇಪಾಳಕ್ಕೂ ನಡುವೆ ಗಡಿಯಿಲ್ಲ, ನಡುವೆ ಇರುವುದು ಭಾರತದ ನೆಲ. ಆ ಜನ ನಮ್ಮ ನೆಲದ ಮೇಲೆಯೇ ಹಾದು ಪೂರ್ವ ನೇಪಾಳದ ಶಿಬಿರಗಳನ್ನು ಸೇರಿದರು, ಅಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದರು, 2007ರ ನಂತರ ಬಹುಪಾಲು ಮಂದಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ಅದು ಭೂತಾನ್ ಮತ್ತು ನೇಪಾಳದ ನಡುವಿನ ವಿಷಯ ಎಂದು ಭಾರತ ಸುಮ್ಮನಿತ್ತು. ಸ್ನೇಹಿತನ ಮೇಲಿನ ಅಭಿಮಾನದಿಂದ ಬರೆಯುತ್ತಿದ್ದರೂ ಇದನ್ನು ನಾನು ಸಣ್ಣದು ಮಾಡಲಾರೆ. ನೆಟ್ಟ ಅಡಿಕೆ ಸಸಿ ಫಲ ಕೊಡಲು ಎಷ್ಟು ವರ್ಷ ಕಾಯಬೇಕೆಂದು ಬಲ್ಲವರಿಗೆ ಫಲ ಬರುವ ತೋಟವನ್ನು ಬಿಟ್ಟು ಹೋಗುವುದೆಂದರೆ ಏನೆಂಬುದು ಗೊತ್ತು.

ಸಂಸ್ಕೃತಿಯ ನಂಟಿನ ಬಗ್ಗೆ ಬರೆಯುವಾಗ ಮನಸ್ಸು ಮತ್ತೆ ಹಗುರವಾಗುತ್ತದೆ. ನಾವು ಅಡಿಕೆ ಬೆಳೆದು ಹೊರಗೆ ಕಳಿಸುವವರು. ಭೂತಾನದವರು ಅದನ್ನು ದಿನವಿಡೀ ಮೆಲ್ಲುವವರು. ಅವರು ಅದಕ್ಕೆ ಡೋಮಾ ಎನ್ನುತ್ತಾರೆ. ಅಡಿಕೆಯನ್ನು ಎಲೆ ಸುಣ್ಣದೊಂದಿಗೆ ಕಟ್ಟಿ, ಮನೆಗೆ ಬಂದವರಿಗೆ, ಮದುವೆಯಲ್ಲಿ, ಹೊಸ ಅಧಿಕಾರಿಯನ್ನು ಸ್ವಾಗತಿಸುವ ಶುಭ ಸಮಾರಂಭದಲ್ಲಿ ಕೊಡುತ್ತಾರೆ. ಅವರು ಇಷ್ಟಪಡುವುದು ಬೇಯಿಸಿ ಒಣಗಿಸಿದ ಕೆಂಪಡಿಕೆಯನ್ನಲ್ಲ, ಹಸಿಯಾದ ಅಥವಾ ಸಿಪ್ಪೆಯೊಳಗೇ ಕಳಿತು ಗಾಢವಾದ ವಾಸನೆ ಬಂದ ಅಡಿಕೆಯನ್ನು. ಎಂಟನೇ ಶತಮಾನದಲ್ಲಿ ಬೌದ್ಧ ಧರ್ಮವನ್ನು ಆ ಬೆಟ್ಟಗಳಿಗೆ ತಂದ ಗುರು ಪದ್ಮಸಂಭವನೇ ನರಮಾಂಸದ ಬದಲಿಗೆ ಇದನ್ನು ತಿನ್ನಲು ಕಲಿಸಿದನೆಂದು ಅಲ್ಲಿ ಒಂದು ಜನಪದ ಕಥೆ ಇದೆ. ನಿಶ್ಚಿತಾರ್ಥಕ್ಕೆ ಎಲೆ ಅಡಿಕೆ ಹಿಡಿದು ಕುಳಿತುಕೊಳ್ಳುವ ನಮ್ಮ ಹಿರಿಯರು ಥಿಂಪುವಿನ ಮದುವೆಯೊಂದಕ್ಕೆ ಹೋದರೆ ಅರ್ಧದಷ್ಟು ಶಾಸ್ತ್ರವನ್ನು ಯಾರೂ ಹೇಳಿಕೊಡದೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಬುದ್ಧನ ದಾರಿಯ ಗುರುತು ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೂ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಇಂದಿನ ದಿನಗಳಲ್ಲಿ ಆ ನಂಟನ್ನು ಕರ್ನಾಟಕದಲ್ಲಿ ಕಣ್ಣಾರೆ ಕಾಣಬೇಕಾದರೆ ಬೈಲಕುಪ್ಪೆಗೆ ಹೋಗಬೇಕು. ಟಿಬೆಟ್‌ನಿಂದ ಬಂದ ಪೆನೋರ್ ರಿಂಪೋಛೆ ಅವರು 1963ರಲ್ಲಿ ಅಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಟಿಬೆಟ್ ಮೂಲದವರ ಜೊತೆಗೆ ಭೂತಾನದ ಭಿಕ್ಷುಗಳೂ ಓದುತ್ತಾರೆ. ಆಧುನಿಕ ಶಿಕ್ಷಣದಲ್ಲೂ ಭಾರತದ, ಅದರಲ್ಲೂ ಕೇರಳದ ಮೇಷ್ಟರುಗಳು ದಶಕಗಳ ಕಾಲ ಭೂತಾನದ ಹಳ್ಳಿಗಳಲ್ಲಿ ಪಾಠ ಹೇಳಿದರು. ಅಲ್ಲಿನ ಮೊದಲ ಕಾಲೇಜಾದ ಕಾಂಗ್ಲುಂಗ್‌ನ ಶೆರುಬ್ತ್ಸೆ ಬಹುಕಾಲ ದೆಹಲಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಈಗಲೂ ಬೆಂಗಳೂರಿನ ಕಾ​ಲೇಜುಗಳಲ್ಲಿ ಭೂತಾನದ ಹುಡುಗ ಹುಡುಗಿಯರು ಓದುತ್ತಿದ್ದಾರೆ. ನಮ್ಮ ಮಕ್ಕಳು ಅವರ ಸಹಪಾಠಿಗಳು ಎಂಬುದನ್ನು ಸಂಬಂಧದ ಲೆಕ್ಕದಲ್ಲಿ ನಾವು ಸೇರಿಸಿಕೊಳ್ಳುವುದೇ ಇಲ್ಲ.

ಮುಂದಿನ ದಿನಗಳಲ್ಲಿ ಈ ಸಂಬಂಧದ ಭಾರವೆಲ್ಲ ಬೀಳುವುದು ಸಾರ್ಪಾಂಗ್ ಜಿಲ್ಲೆಯ ಗೆಲೆಫು ಎಂಬ ಗಡಿ ಊರಿನ ಮೇಲೆ. 2023ರ ಡಿಸೆಂಬರ್‌ನಲ್ಲಿ ಐದನೇ ದೊರೆ ಜಿಗ್ಮೆ ಖೇಸರ್ ವಾಂಗ್‌ಚುಕ್ ಅಲ್ಲಿ ವಿಶೇಷ ಆಡಳಿತವಿರುವ ದೊಡ್ಡ ನಗರವೊಂದನ್ನು ಕಟ್ಟುವುದಾಗಿ ಘೋಷಿಸಿದರು. ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾಕ್ಕೆ ಹೋಗುತ್ತಿರುವ ತಮ್ಮ ಯುವಕರನ್ನು ದೇಶದಲ್ಲಿ ಉಳಿಸಿಕೊಳ್ಳುವುದು ಅವರ ಆಸೆ. ಅಸ್ಸಾಮಿನ ಕೋಕ್ರಝಾರ್‌ನಿಂದ ಗೆಲೆಫುವಿಗೆ 69 ಕಿಲೋಮೀಟರ್ ಮತ್ತು ಬಂಗಾಳದ ಬಾನರ್‌ಹಾಟ್‌ನಿಂದ ಸಾಮ್ಚಿಗೆ ಸುಮಾರು 20 ಕಿಲೋಮೀಟರ್ ರೈಲು ಮಾರ್ಗಗಳನ್ನು 4,033 ಕೋಟಿ ರೂಪಾಯಿ ವೆಚ್ಚದಲ್ಲಿ ಹಾಕುವುದೆಂದು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಗಿದೆ. ಇದುವರೆಗೆ ರೈಲನ್ನೇ ಕಾಣದ ಆ ದೇಶಕ್ಕೆ ಮೊದಲ ಹಳಿ ಹೋಗುವುದು ಭೂತಾನದ ಅಡಿಕೆ ಬೆಳೆಯುವ ಎರಡು ಜಿಲ್ಲೆಗಳಿಗೇ. ಆ ಹಳಿಗಳ ಮೇಲೆ ಅಲ್ಲಿಂದ ಏನು ಬಂದೀತು ಎಂದು ಮಾತ್ರ ನಾವು ಕೇಳುತ್ತ ಕೂರಬಾರದು. ದಾವಣಗೆರೆಯ ಅಕ್ಕಿ, ಮೆಕ್ಕೆಜೋಳ, ಚನ್ನಗಿರಿಯಲ್ಲಿ ಬಳಕೆಗೆ ಬಂದಿರುವ ಅಡಿಕೆ ಸುಲಿಯುವ ಯಂತ್ರಗಳು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಲ್ಲಿ ನಮ್ಮ ತೋಟಗಳವರು ಗಳಿಸಿದ ಅನುಭವ, ಇವುಗಳಲ್ಲಿ ಯಾವುದು ಅಲ್ಲಿಗೆ ಹೋಗಬಲ್ಲದು ಎಂದು ಲೆಕ್ಕ ಹಾಕುವ ಕೆಲಸವನ್ನು ನಮ್ಮ ಸಹಕಾರ ಸಂಘಗಳೂ ತೋಟಗಾರಿಕೆ ಇಲಾಖೆಯೂ ಈಗಿನಿಂದಲೇ ಹಿಡಿಯಬೇಕು. ಹಳಿ ಹಾಕುವುದು ಒಂದೆರಡು ವರ್ಷದ ಕೆಲಸವಲ್ಲ. ಅಷ್ಟರೊಳಗೆ ಕನಿಷ್ಠ ಒಂದು ತಂಡವಾದರೂ ಚನ್ನಗಿರಿಯಿಂದ ಸಾರ್ಪಾಂಗ್‌ಗೆ ಹೋಗಿ ಅಲ್ಲಿನ ತೋಟಗಳನ್ನು ನೋಡಿ ಬರುವುದು ಸಾಧ್ಯವಿದೆ. ಭಾರತೀಯರಿಗೆ ಅಲ್ಲಿ ವೀಸಾ ಬೇಕಾಗಿಲ್ಲ, ದಿನಕ್ಕೆ 1,200 ರೂಪಾಯಿ ಶುಲ್ಕ ಮತ್ತು ಮತದಾರರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಇದ್ದರೆ ಪ್ರವೇಶ ಪರವಾನಗಿ ಸಿಗುತ್ತದೆ.